ಹಳೆಯ ಬುಲೆಟ್‌ಗೆ ಕಾರ್ಕ್ ಗ್ಯಾಸ್ಕೆಟ್ಟೋ, ರಬ್ಬರ್ ಗ್ಯಾಸ್ಕೆಟ್ಟೋ?

ನಮಸ್ಕಾರ. ನಿಮ್ಮ 1986ರ ಬುಲೆಟ್ 350ರ ರಾಕರ್ ಕವರಿಗೆ (ಎಂಜಿನ್ನಿನ ಮೇಲ್ತುದಿಯಲ್ಲಿ ವಾಲ್ವುಗಳನ್ನು ಒತ್ತುವ ರಾಕರುಗಳ ಮುಚ್ಚಳ) ಎರಡು ಸಲ ಕಾರ್ಕ್ ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ಸಂದಿನಲ್ಲಿ ಇಡುವ ಪಟ್ಟಿ) ಹಾಕಿದರೂ ಬದಿಯಡ್ಕದಿಂದ ಕಾಸರಗೋಡು ತಲಪುವಷ್ಟರಲ್ಲಿ ಎಣ್ಣೆ ಜಿನುಗುತ್ತದೆ ಎಂದು ಬರೆದಿದ್ದೀರಿ.

ಕಾರ್ಕ್ ಸಣ್ಣಪುಟ್ಟ ಏರುತಗ್ಗನ್ನು ತುಂಬಿಕೊಳ್ಳುತ್ತದೆಯಾದರೂ ಎಂಜಿನ್ನಿನ ಬಿಸಿಗೆ ಗಡುಸಾಗಿ, ಮುಂದಿನ ಸಲ ಕವರ್ ತೆಗೆದಾಗ ತುಂಡಾಗುತ್ತದೆ. ಕಾಗದದ ಗ್ಯಾಸ್ಕೆಟ್ಟಿಗೆ ಎರಡೂ ಮುಖಗಳು ಪೂರ್ತಿ ಸಮತಟ್ಟಾಗಿರಬೇಕು. ಅಷ್ಟು ಹಳೆಯ ಗಾಡಿಯಲ್ಲಿ ಅದು ಅಪರೂಪ. ನನ್ನ ಆಯ್ಕೆ ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರಿನದು. ಅಂಗಡಿಯವರ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಅದನ್ನು ಒಂದು ರಾತ್ರಿ ಎಂಜಿನ್ ಎಣ್ಣೆಯಲ್ಲಿ ಮುಳುಗಿಸಿಡಿ. ಬೆಳಗ್ಗೆ ಉಬ್ಬಿ ಮೆತ್ತಗಾಗಿದ್ದರೆ ಮರಳಿ ಕೊಡಿ.

ಆದರೆ ಅದಕ್ಕೂ ಮೊದಲು ಕವರನ್ನು ದಪ್ಪ ಗಾಜಿನ ಮೇಲೆ ಬೋರಲಿಟ್ಟು ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ನಡುವಿನ ಒಂದೇ ನಟ್ಟು ಅದನ್ನು ಹಿಡಿದಿಟ್ಟಿರುವುದರಿಂದ, ಸೋರಿತೆಂದು ಮತ್ತೆ ಮತ್ತೆ ಬಿಗಿದವರ ಕೈಯಲ್ಲಿ ಅದು ಬಾಗಿರುವ ಸಾಧ್ಯತೆ ಹೆಚ್ಚು. ಅಲುಗಾಡಿದರೆ ಗಾಜಿಗೆ ಎಮರಿ ಪೇಪರ್ ಅಂಟಿಸಿ, ಕವರಿನ ಅಂಚು ಸುತ್ತಲೂ ಒಂದೇ ಸಮನೆ ಹೊಳೆಯುವ ತನಕ ಉಜ್ಜಿರಿ. ಸಂದು ಮುಚ್ಚುವ ಅಂಟಾದ ಸೀಲಂಟನ್ನು ಧಾರಾಳವಾಗಿ ಬಳಿಯುವುದು ಬೇಡ. ಹೆಚ್ಚಾದದ್ದು ಕಳಚಿ ಎಣ್ಣೆಯ ದಾರಿಗೆ ಅಡ್ಡವಾಗುತ್ತದೆ.

ರಾಕರಿಗೆ ಎಣ್ಣೆ ಒಯ್ಯುವ ಹೊರಗಿನ ಕೊಳವೆಯ ತಾಮ್ರದ ವಾಷರುಗಳನ್ನೂ ಒರಸಿ ನೋಡಿ. ಅಲ್ಲಿ ಸೋರಿದ್ದು ಕವರಿನ ಅಂಚಿಗೆ ಹರಿದು ನಿಲ್ಲುವುದುಂಟು. ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಕಟ್ಟಿಕೊಂಡಿದ್ದರಂತೂ ಒಳಗಿನ ಒತ್ತಡದಿಂದಾಗಿ ಯಾವ ಗ್ಯಾಸ್ಕೆಟ್ಟೂ ನಿಲ್ಲದು.