ಕೋಟಿ ಜನರ ಮುಂಬೈಗೆ ಸಾವಿರ ಜನರ ಸಮೀಕ್ಷೆ ಹೇಗೆ ಸಾಕಾಗುತ್ತದೆ?

ಸಾಕಾಗುತ್ತದೆ, ಆದರೆ ಆ ಸಾವಿರ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಸರಿಯಿದೆಯಾ ಅಂತ ಭಟ್ಟರು ಒಂದು ಸೌಟು ತೆಗೆದು ನೋಡುತ್ತಾರೆ, ಅಲ್ವಾ? ಹಂಡೆ ದೊಡ್ಡದಾಯಿತು ಅಂತ ಸೌಟು ದೊಡ್ಡದಾಗಬೇಕಿಲ್ಲ. ಚೆನ್ನಾಗಿ ಕಲಕಿದ್ದರೆ ಸಾಕು.

2011ರ ಜನಗಣತಿಯಲ್ಲಿ ಬೃಹನ್ಮುಂಬೈಯಲ್ಲಿ ಸುಮಾರು 1.24 ಕೋಟಿ ಜನರಿದ್ದರು. ಸಮೀಕ್ಷೆ ಎಷ್ಟು ತಪ್ಪಬಹುದು ಎಂಬುದು ಈ ಕೋಟಿಯ ಮೇಲೆ ನಿಂತಿಲ್ಲ, ಎಷ್ಟು ಜನರನ್ನು ಕೇಳಿದಿರಿ ಎಂಬುದರ ವರ್ಗಮೂಲದ ಮೇಲೆ ನಿಂತಿದೆ. 1,000 ಜನರನ್ನು ಕೇಳಿದರೆ, 20ರಲ್ಲಿ 19 ಸಲ ಉತ್ತರ ನಿಜದಿಂದ ಶೇ. 3ರಷ್ಟು ಆಚೀಚೆ ಒಳಗೇ ಇರುತ್ತದೆ. ಅದನ್ನು ಅರ್ಧಕ್ಕಿಳಿಸಲು 4,000 ಜನ ಬೇಕು. ದುಬಾರಿ ವ್ಯವಹಾರ!

ಯಾರದೋ ಹೇಳಿಕೆಯನ್ನು ಪರೀಕ್ಷಿಸುವುದೂ ಹೀಗೆಯೇ. "ಮುಂಬೈ ಕನ್ನಡಿಗರ ಮಕ್ಕಳಲ್ಲಿ ಅರ್ಧ ಮಂದಿಗೆ ಕನ್ನಡ ಓದಲು ಬರುತ್ತದೆ" ಎಂದು ಒಬ್ಬರು ಹೇಳಿದರು ಅಂದುಕೊಳ್ಳಿ. ನೀವು ಆರಿಸಿದ 400 ಮಕ್ಕಳಲ್ಲಿ 168 ಮಂದಿ, ಅಂದರೆ ಶೇ. 42 ಮಾತ್ರ ಓದಿದರು. ಇಲ್ಲಿ ತಪ್ಪಿನ ಅಳತೆ ಸುಮಾರು ಶೇ. 5. ಅವರ ಮಾತು ನಿಜವಾಗಿದ್ದರೆ, ಸುಮ್ನೆ ಅದೃಷ್ಟದಿಂದ ಇಷ್ಟು ಕಡಿಮೆ ಬರುವುದು ತೀರಾ ಅಪರೂಪ. ಹಾಗಾಗಿ ನಂಬುವುದು ಕಷ್ಟ. ಆದರೆ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಬಂದ ಮಕ್ಕಳನ್ನೇ ಕೇಳಿದ್ದರೆ, 400 ಅಲ್ಲ, 4,000 ಆದರೂ ಲೆಕ್ಕ ಕೆಡುತ್ತದೆ.