ಸಂಪಾದಕರ ಉತ್ತರ: ಅರ್ಧ ಗ್ರಾಂ ಸೋಮ

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: ‘ಎಲ್ಲರ ಮೇಲೂ ಸರ್ಕಾರದ ಕಣ್ಣಿರುತ್ತದೆಂದು ಆರ್ವೆಲ್ 1949ರ ‘1984’ ಕಾದಂಬರಿಯಲ್ಲಿ ಬರೆದದ್ದು ನಿಜವಾಯಿತು. ಬಸ್‌ಸ್ಟ್ಯಾಂಡಿನಿಂದ ರೇಷ್ಮೆಗೂಡಿನ ಮಾರುಕಟ್ಟೆವರೆಗೂ ಕ್ಯಾಮೆರಾ. ಇದರ ಬಗ್ಗೆ ನೀವೇಕೆ ಬರೆಯುವುದಿಲ್ಲ?’

ಒಪ್ಪಿದೆ ಸ್ವಾಮಿ, ಕಣ್ಗಾವಲು ಸಣ್ಣ ವಿಷಯವಲ್ಲ. ಆದರೆ ನಿಮ್ಮಂಥ ಒಳ್ಳೆಯ ಓದುಗರೂ ಆರ್ವೆಲ್ ಹತ್ತಿರವೇ ನಿಂತುಬಿಟ್ಟರೆ ಹೇಗೆ? ಅದಕ್ಕೂ 17 ವರ್ಷ ಮೊದಲೇ ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಬಂದಿತ್ತು. ‘1984’ ಓದಿದ ಹಕ್ಸ್‌ಲಿ, ಬೂಟುಗಾಲಿನ ಆಳ್ವಿಕೆ ಬಹುಕಾಲ ನಡೆಯುವುದು ಅನುಮಾನ, ಜನ ತಮ್ಮ ದಾಸ್ಯವನ್ನೇ ಪ್ರೀತಿಸುವಂತೆ ಮಾಡಬಹುದಲ್ಲ ಎಂದು ಆರ್ವೆಲ್‌ಗೇ ಕಾಗದ ಬರೆದ.

ಪುಸ್ತಕದ ಕಡೆ ಕೈ ಹೋಗದಂತೆ ಹಕ್ಸ್‌ಲಿಯ ಕಾದಂಬರಿಯಲ್ಲಿ ಏನು ಮಾಡುತ್ತಾರೆ ನೋಡಿ. ಎಂಟು ತಿಂಗಳ ಕೂಸುಗಳ ಮುಂದೆ ಬಣ್ಣದ ಚಿತ್ರಪುಸ್ತಕ, ಗುಲಾಬಿ. ಅಂಬೆಗಾಲಿಟ್ಟು ಬಂದು ಮುಟ್ಟಿದವೋ, ಸೈರನ್ ಕಿರುಚುತ್ತದೆ, ನೆಲದಲ್ಲಿ ಕರೆಂಟು ಹೊಡೆಯುತ್ತದೆ. ಇಂಥದ್ದು ಇನ್ನೂರು ಸಲ. ದೊಡ್ಡವರಾದ ಮೇಲೆ ಚಿಂತೆ ಮರೆಸುವ ‘ಸೋಮ’ ಎಂಬ ಗುಳಿಗೆ: ಅರ್ಧ ದಿನದ ರಜೆಗೆ ಅರ್ಧ ಗ್ರಾಂ, ವಾರಾಂತ್ಯಕ್ಕೆ ಒಂದು ಗ್ರಾಂ. ಕೆಲಸಗಾರರಿಗೆ ಹಂಚುವ ಗುಳಿಗೆಗಳನ್ನು ಹೊರಗಿನಿಂದ ಬಂದ ಜಾನ್ ಎಂಬವನು ಕಿಟಕಿಯಾಚೆ ಎಸೆದಾಗ ಅವರೇ ಅವನ ಮೇಲೆ ಬೀಳುತ್ತಾರೆ. ಪೊಲೀಸರು ಲಾಠಿ ಎತ್ತುವುದಿಲ್ಲ. ಸೋಮದ ಆವಿ ಬಿಟ್ಟು, ರೆಕಾರ್ಡಾದ ಸವಿಮಾತು ಹಾಕುತ್ತಾರೆ. ಎಲ್ಲರೂ ಅತ್ತು ತಬ್ಬಿಕೊಳ್ಳುತ್ತಾರೆ!

ಸೋಮಕ್ಕಾದರೂ ತೂಕವಿತ್ತು, ರೀಲ್ಸ್‌ಗೆ ಅದೂ ಇಲ್ಲ. ಹಿಂದೆ ವೆಬ್‌ಪುಟದ ತಳದಲ್ಲಿ ‘ಮುಂದಿನ ಪುಟ’ ಒತ್ತಬೇಕಿತ್ತು. ಸಾಕೋ ಬೇಕೋ ಎಂದು ಒಂದು ಗಳಿಗೆ ಯೋಚಿಸಲು ಅಲ್ಲಿ ಜಾಗವಿತ್ತು. 2006ರಲ್ಲಿ ವಿನ್ಯಾಸಕ ಆಜಾ ರಾಸ್ಕಿನ್ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಅದನ್ನೇ ಕಿತ್ತುಹಾಕಿತು (ಆಮೇಲೆ ಆತ ಪಶ್ಚಾತ್ತಾಪಪಟ್ಟ, ಬಿಡಿ). ಕಾಳು ಯಾವಾಗ ಬೀಳುತ್ತದೋ ತಿಳಿಯದ ಪಾರಿವಾಳವೇ ಬಿಡದೆ ಕುಕ್ಕುತ್ತದೆಂದು ಮನೋವಿಜ್ಞಾನಿ ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದ. ಮುಂದಿನ ರೀಲು ಹೇಗಿರುತ್ತದೋ ತಿಳಿಯದ ನಾವೂ ಅಷ್ಟೇ. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ ನೋಡಿ: ಉದ್ದ ವಿಡಿಯೊ ಮುಗಿದಲ್ಲಿಗೆ ನಿಲ್ಲುತ್ತದೆ, ಶಾರ್ಟ್ಸ್‌ನಲ್ಲಿ ಬೆರಳು ಸರಿಸಿದರೆ ಮುಂದಿನದು ಸಿದ್ಧ. ಸಮಯದ ಮಿತಿ ಹಾಕಿಕೊಂಡಿರೋ, ಅದನ್ನು ತಳ್ಳಿಹಾಕುವ ಬಟನ್ನೂ ಪಕ್ಕದಲ್ಲೇ. ನೋಟಿಫಿಕೇಶನ್ ಮುಚ್ಚುವುದು, ಪರದೆಯನ್ನು ಕಪ್ಪು-ಬಿಳುಪು ಮಾಡುವುದು ಸ್ವಲ್ಪ ವಾಸಿ. ಕಂಬದ ಕ್ಯಾಮೆರಾ ನಿಮ್ಮ ಮುಖ ನೋಡುತ್ತದೆ. ಯಾವ ವಿಡಿಯೊ ಮುಂದೆ ಎಷ್ಟು ಸೆಕೆಂಡ್ ನಿಂತಿರಿ ಎಂದು ಲೆಕ್ಕವಿಡುವುದು ಫೋನು. ಅದನ್ನು ಕೊಂಡವರು ನಾವೇ, ಇಎಂಐ ಕಟ್ಟಿ. ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಕಾದಂಬರಿಯಲ್ಲಿ (1953) ಮಿಲ್ಡ್ರೆಡ್‌ಗೆ ಮೂರು ಗೋಡೆಯ ಟಿವಿ ಸಾಲದೆ ನಾಲ್ಕನೆಯದೂ ಬೇಕು, ಬೆಲೆ ಗಂಡನ ವರ್ಷದ ಸಂಬಳದ ಮೂರನೇ ಒಂದು ಪಾಲು. ಅಲ್ಲಿ ಓದು ಬಿಟ್ಟದ್ದು ಮೊದಲು ಜನ. ಸರ್ಕಾರ ಪುಸ್ತಕಗಳಿಗೆ ಬೆಂಕಿ ಹಚ್ಚಿದ್ದು ಆಮೇಲೆ.

ನಿಮ್ಮ ಕಡೆ ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತು) ಎದ್ದ ವಾರ, ರಾತ್ರಿ ಸೊಪ್ಪು ಹಾಕಲು ಎಚ್ಚರವಿರುವ ಮನೆಗಳಲ್ಲಿ ಮಾತು-ಕತೆಯಾದರೂ ಇರುತ್ತಿತ್ತು. ಈಗ ತಲೆಗೊಂದು ಫೋನು. ಡಿವಿಜಿ, ಮಾಸ್ತಿ ಹುಟ್ಟಿದ ಸೀಮೆಯ ಗ್ರಂಥಾಲಯಗಳಲ್ಲಿ ಕುರ್ಚಿ ತುಂಬುವುದು ಪರೀಕ್ಷೆಯ ಗೈಡು ಓದುವವರಿಂದ. ನಮಗೆ ಬರುವ ಕಾಗದಗಳಲ್ಲೂ ‘ಕತೆ ಉದ್ದವಾಯಿತು, ಅರ್ಧ ಪುಟಕ್ಕಿಳಿಸಿ’ ಎಂಬ ದೂರೇ ಜಾಸ್ತಿ. ಮುಂದಿನ ಸಂಚಿಕೆಯ ಕತೆ ಹನ್ನೆರಡು ಪುಟವಿದೆ, ಹಾಗೇ ಅಚ್ಚಾಗುತ್ತದೆ.