ಬಣ್ಣ ಸ್ವಲ್ಪ ಕಡಿಮೆ

ಕಲಬುರಗಿಯಲ್ಲಿ ಮದುವೆಯ ಹಂಗಾಮಿಗೆ ಎರಡು ತಿಂಗಳು ಇರುವಾಗಲೇ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಈ ಮುಖಗಳು ಬರತೊಡಗುತ್ತವೆ. ಕೆಂಪಾದ ಕೆನ್ನೆ, ಮೂಗಿನ ಪಕ್ಕದಲ್ಲಿ ಉರಿ, ಗದ್ದದ ಮೇಲೆ ಹೊಸದಾಗಿ ಮೂಡಿದ ರೋಮ. ಜೊತೆಗೆ ಬಂದ ತಾಯಂದಿರ ಮಾತೂ ಹೆಚ್ಚುಕಡಿಮೆ ಒಂದೇ: "ಸಿನಿಮಾದವರನ್ನು ನೋಡಿ ನೋಡಿ ಹೀಗೆ ಮಾಡಿಕೊಂಡಿದ್ದಾಳೆ. ಮೊದಲು ಮೊಬೈಲ್ ಬಿಡಿಸಿ ಮೇಡಂ." ಅಂಥ ಒಬ್ಬ ಹುಡುಗಿಯ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ಅವಳು ಸೇಡಂ ಕಡೆಯ ಹಳ್ಳಿಯವಳು, ನಗರದ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಗೆಳತಿ ಹೇಳಿದ ಟ್ಯೂಬ್ ಒಂದನ್ನು ಔಷಧದ ಅಂಗಡಿಯಿಂದ ತಂದು ಒಂದೂವರೆ ವರ್ಷ ದಿನವೂ ಹಚ್ಚಿಕೊಂಡಿದ್ದಳು. ಅದರಲ್ಲಿದ್ದವು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಬಂಗಿನಂಥ ಕಲೆಗಳಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಔಷಧವಿದು. ಮೊದಲ ತಿಂಗಳು ಮುಖ ತಿಳಿಯಾಗುತ್ತದೆ, ನೋಡಿದವರು ಹೊಗಳುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಮುಖವೆಲ್ಲ ಉರಿಯುತ್ತದೆ, ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಇವಳ ಬಳಿ ಚೀಟಿ ಎಂದೂ ಇರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಮೂರನೆಯ ಭೇಟಿಯಲ್ಲಿ ನಾನು ಇಂಥ ಹುಡುಗಿಯರಿಗೆ ಸಾಮಾನ್ಯವಾಗಿ ಹೇಳುವುದನ್ನೇ ಅವಳಿಗೂ ಹೇಳಿದೆ. ತೆರೆಯ ಮೇಲಿನ ಮುಖದ ಹಿಂದೆ ಮೇಕಪ್ ಮಾಡುವವರು, ಬೆಳಕು ಹಿಡಿಯುವವರು, ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವವರು ಇರುತ್ತಾರೆ ಎಂದೆ. ನಟಿ ಸಾಯಿ ಪಲ್ಲವಿಯ ಉದಾಹರಣೆ ಕೊಟ್ಟೆ: 2015ರಲ್ಲಿ ಮಲಯಾಳಂ ಚಿತ್ರವೊಂದರಲ್ಲಿ ಮೊಡವೆಗಳನ್ನು ಮುಚ್ಚಿಕೊಳ್ಳದೆಯೇ ನಾಯಕಿಯಾಗಿ ನಿಂತವರು, ಮುಂದೆ ಫೇರ್‌ನೆಸ್ ಕ್ರೀಮಿನ ಜಾಹೀರಾತನ್ನೂ ಬೇಡವೆಂದವರು. ಹುಡುಗಿ ತಾಳ್ಮೆಯಿಂದ ಕೇಳಿದಳು.

"ಅವರು ಬೇಡ ಎಂದರೆ ಪೇಪರಿನಲ್ಲಿ ಬರುತ್ತದೆ ಮೇಡಂ. ನಾನು ಬೇಡ ಎಂದರೆ ಅವ್ವ ಊಟ ಬಿಡುತ್ತಾಳೆ."

ಹೀಗೆಂದು ತನ್ನ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು. ಯಾವುದೋ ನಾಯಕಿಯ ರೀಲ್ಸ್ ತೋರಿಸುತ್ತಾಳೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಅವಳದೇ ಫೋಟೋ. ಅವಳ ತಾಯಿ ಅದನ್ನು ಫಿಲ್ಟರ್ ಹಾಕಿಸಿ ಬಯೋಡೇಟಾದ ಜೊತೆ ಸಂಬಂಧಿಕರಿಗೆಲ್ಲ ಕಳುಹಿಸಿದ್ದರು. ಎಷ್ಟು ಬಿಳುಪು ಮಾಡಿದ್ದರೆಂದರೆ ಮೂಗಿನ ಗೆರೆಯೇ ಅಳಿಸಿಹೋಗಿತ್ತು. ಹಿಂದಿನ ವರ್ಷ ನೋಡಲು ಬಂದಿದ್ದವರು "ಹುಡುಗಿ ಚೆನ್ನಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ" ಎಂದು ಹೇಳಿ ಕಳುಹಿಸಿದ್ದರಂತೆ.

"ನಾಯಕಿಯ ಹಾಗೆ ಆಗಬೇಕೆಂದು ನನಗೇನೂ ಆಸೆಯಿಲ್ಲ. ಬೀಗರು ಬರುವುದರೊಳಗೆ ಈ ಫೋಟೋದಲ್ಲಿರುವವಳ ಹಾಗಾದರೂ ಆಗಬೇಕಲ್ಲ, ಮೇಡಂ?"

ನನಗೆ ಮಾತು ಹೊರಡಲಿಲ್ಲ. ಒಬ್ಬ ತಾರೆಯಿಂದಾದ ಗಾಯಕ್ಕೆ ಇನ್ನೊಬ್ಬ ತಾರೆಯನ್ನು ಮದ್ದಾಗಿ ಹಚ್ಚಲು ಹೋಗಿದ್ದೆ. ಗಾಯ ಇದ್ದದ್ದು ಬೇರೆ ಕಡೆ. ಆ ದಿನ ಅವಳಿಗೆ ನಾನು ಕೊಟ್ಟದ್ದು ಒಂದೇ ಸಲಹೆ: ಟ್ಯೂಬನ್ನು ನೀನಾಗಿಯೇ ಒಮ್ಮೆಲೇ ನಿಲ್ಲಿಸಬೇಡ, ನಾಳೆಯೇ ಚರ್ಮರೋಗ ತಜ್ಞರನ್ನು ಕಂಡು ಅವರು ಹೇಳಿದಂತೆ ಬಿಡು. ಉಳಿದ ಸಲಹೆಗಳನ್ನೆಲ್ಲ ಅವಳ ತಾಯಿಗೆ ಕೊಡಬೇಕೆಂದು ನಿಶ್ಚಯಿಸಿದೆ.

ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ಹುಡುಗಿಯ ಆತ್ಮವಿಶ್ವಾಸ ಬೆಳೆಸುವುದು ನಮ್ಮ ಕೆಲಸ, ಮನೆಯವರನ್ನು ತಿದ್ದಲು ಹೋದರೆ ಅವಳಿಗೇ ತೊಂದರೆ ಎನ್ನುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ಈ ಹುಡುಗಿಗೆ ಆತ್ಮವಿಶ್ವಾಸದ ಕೊರತೆ ಇರಲಿಲ್ಲ. ನಾಯಕಿಯರ ರವಿಕೆಗಳ ವಿನ್ಯಾಸ ನೋಡಿ, ಕಪಡಾ ಬಜಾರಿನಿಂದ ತುಂಡು ಬಟ್ಟೆ ತಂದು, ಹಾಸ್ಟೆಲಿನ ಅರ್ಧ ಹುಡುಗಿಯರಿಗೆ ಹೊಲಿದುಕೊಟ್ಟಿದ್ದಳು. ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ ಬಣ್ಣಕ್ಕೆ ಎಷ್ಟು ಬೆಲೆ ಎಂಬುದನ್ನು ಅವಳು ಸರಿಯಾಗಿಯೇ ತಿಳಿದಿದ್ದಳು. ಸರಿಯಾಗಿ ತಿಳಿದವಳಿಗೆ "ನಿನ್ನನ್ನು ನೀನು ಪ್ರೀತಿಸು" ಎಂದು ಹೇಳಿ ಕಳುಹಿಸುವುದು ನನ್ನಿಂದಾಗದು. ಮೊಬೈಲ್ ಬಿಡಿಸಲೂ ನಾನು ಒಪ್ಪಲಿಲ್ಲ. ಅವಳ ಕೈಯ ಕಸುಬು ಬಂದದ್ದೇ ಆ ಪರದೆಯಿಂದ.

ಚಿತ್ರರಂಗಕ್ಕೆ ಇದರಲ್ಲಿ ಪಾಲಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಹಾಲು, ಬೆಣ್ಣೆ, ಹುಣ್ಣಿಮೆಯನ್ನು ಬಿಟ್ಟು ಹೆಣ್ಣಿನ ಕೆನ್ನೆಗೆ ನಮ್ಮ ಹಾಡುಗಳು ಹುಡುಕಿದ ಹೋಲಿಕೆ ಬಹಳ ಕಡಿಮೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್‌ನೆಸ್ ಕ್ರೀಮ್ ತನ್ನ ಹೆಸರಿನಿಂದ 'ಫೇರ್' ಪದವನ್ನು ತೆಗೆದದ್ದು 2020ರಲ್ಲಿ. ಅಷ್ಟು ವರ್ಷ ಅಂಥ ಕ್ರೀಮುಗಳನ್ನು ಮಾರಲು ಮುಖ ಕೊಟ್ಟವರಲ್ಲಿ ದೊಡ್ಡ ತಾರೆಯರೂ ಇದ್ದರು. ಆ ಸಿಟ್ಟು ನನಗೂ ಇದೆ. ಆದರೆ ಜಾಹೀರಾತಿನ ನಟಿ ಇವಳ ಫೋಟೋಗೆ ಫಿಲ್ಟರ್ ಹಾಕಲು ಸೇಡಂಗೆ ಬಂದಿರಲಿಲ್ಲ.

ತಾಯಿ ಒಬ್ಬರೇ ಬಂದರು. ಫೋಟೋದ ಮಾತು ತೆಗೆದಾಗ ಮೊದಲು ಸಿಟ್ಟಾದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರನ್ನೂ ಇದೇ ಮಾತು ಹೇಳಿ ಮೂರು ಮನೆಯವರು ಬಿಟ್ಟುಹೋಗಿದ್ದರಂತೆ. "ನನಗಾದದ್ದು ಅವಳಿಗೆ ಆಗಬಾರದೆಂದು ಮಾಡಿದೆ" ಎಂದರು. ಅದು ನಿಜವಾದ ಪ್ರೀತಿಯೇ ಎಂದು ನಾನು ನಂಬುತ್ತೇನೆ. ಅದಕ್ಕಾಗಿಯೇ ಬಿಡಿಸಿ ಹೇಳಿದೆ: ಆ ಫೋಟೋ ಕಳುಹಿಸಿದ ಪ್ರತಿಯೊಬ್ಬರಿಗೂ ಹಗಲು ಬೆಳಕಿನಲ್ಲಿ ತೆಗೆದ ಹೊಸ ಫೋಟೋ ಕಳುಹಿಸಿ. "ಬಣ್ಣ ಕಡಿಮೆ" ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದ ಬಂದರೂ, ನಿಮ್ಮ ಅತ್ತೆಯವರೇ ಆಡಿದರೂ, ಅಲ್ಲಿಯೇ ತಡೆಯಿರಿ. ಚರ್ಮ ಸುಧಾರಿಸುವವರೆಗೆ ಯಾರನ್ನೂ ನೋಡಲು ಕರೆಯಬೇಡಿ.

ಮೂರನೆಯದಕ್ಕೆ ಅವರು ಒಪ್ಪಲಿಲ್ಲ. ಹೊಸ ಫೋಟೋ ಮಾತ್ರ ಹೋಯಿತು. ಎರಡು ಮನೆಯವರು ಉತ್ತರವನ್ನೇ ಕೊಡಲಿಲ್ಲ, ಆ ವಾರ ಹುಡುಗಿ ಹಾಸ್ಟೆಲಿನಿಂದ ಹೊರಬರಲಿಲ್ಲ. ನನ್ನ ಸಲಹೆಯಿಂದಲೇ ಆದ ನೋವು ಅದು. ಈಗ ಮುಖದ ಉರಿ ಇಳಿದಿದೆ, ಕೆಂಪು ಪೂರ್ತಿ ಹೋಗಿಲ್ಲ. ಮದುವೆ ಇನ್ನೂ ಗೊತ್ತಾಗಿಲ್ಲ.

ಕಳೆದ ವಾರ ಆ ತಾಯಿ ಕರೆ ಮಾಡಿದ್ದರು. ತಂಗಿಯ ಮಗಳೂ ಅದೇ ಟ್ಯೂಬ್ ಹಚ್ಚುತ್ತಿದ್ದಾಳಂತೆ, ಹತ್ತನೆಯ ತರಗತಿ. "ಕರೆದುಕೊಂಡು ಬರಲೇ ಮೇಡಂ?" ಎಂದು ಕೇಳಿದರು.

ಮೊದಲು ನಿಮ್ಮ ತಂಗಿಯನ್ನು ಕರೆದುಕೊಂಡು ಬನ್ನಿ ಎಂದೆ.